ಮೂಕಜೀವಿಯ ಚಿಕಿತ್ಸೆಗೆ ಸಹಿ ಯಾರದು?

ಸಾಕುಪ್ರಾಣಿಗಳ ರೋಗವನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸುವ ಆ್ಯಪ್ ಕಟ್ಟುತ್ತೇವೆಂದು ಬಂಡವಾಳ ಕೇಳುವವರ ಕಡತದಲ್ಲಿ ಮಾರುಕಟ್ಟೆಯ ಗಾತ್ರವಿರುತ್ತದೆ, ಐದು ವರ್ಷಗಳ ಆದಾಯದ ಅಂದಾಜಿರುತ್ತದೆ. ಕೇಳುವುದು ಸಮಾಜ ಬಾಂಧವರ ಮುಂದಾದರೆ ಜೀವದಯೆಯ ಮಾತೂ ಸೇರಿಕೊಳ್ಳುತ್ತದೆ. ಆ್ಯಪ್ ಕೊಟ್ಟ ಸಲಹೆ ತಪ್ಪಾದ ದಿನ ಹೊಣೆ ಹೊರುವವನ ಸಹಿ ಮಾತ್ರ ಆ ಕಡತದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ತಪ್ಪು ಹೇಗಾಗುತ್ತದೆ ಎಂಬುದನ್ನು ನೋಡಬೇಕು. ಗಂಡು ಬೆಕ್ಕೊಂದು ಮತ್ತೆ ಮತ್ತೆ ತಿಣುಕುತ್ತದೆ. ಮನೆಯವರು ಅದನ್ನು ಮಲಬದ್ಧತೆಯೆಂದು ಬರೆಯುತ್ತಾರೆ. ಆ್ಯಪ್ ಅವರ ಮಾತನ್ನೇ ನಂಬಿ ಆಹಾರ ಬದಲಿಸಲು ಹೇಳುತ್ತದೆ. ನಿಜದಲ್ಲಿ ಮೂತ್ರನಾಳ ಕಟ್ಟಿಕೊಂಡಿದ್ದರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು. ಹೊಟ್ಟೆಯ ಮೇಲೆ ಕೈಯಿಟ್ಟ ಪಶುವೈದ್ಯನಿಗೆ ಬಿಗಿದ ಮೂತ್ರಕೋಶ ತಿಳಿಯುತ್ತದೆ. ಮೊಬೈಲಿನ ಪರದೆಗೆ ಆ ಕೈ ಎಲ್ಲಿಂದ ಬರಬೇಕು? ನಾಯಿ ಜೊಲ್ಲು ಸುರಿಸುತ್ತ ನುಂಗಲಾರದೆ ಒದ್ದಾಡುವಾಗ ಗಂಟಲಲ್ಲಿ ಏನೋ ಸಿಕ್ಕಿದೆಯೆಂಬ ಉತ್ತರ ಬಂದರೆ ಯಜಮಾನನು ಬಾಯಿಗೆ ಕೈ ಹಾಕುತ್ತಾನೆ. ಅದು ರೇಬೀಸ್ ಆಗಿದ್ದರೆ ಅವನ ಜೀವಕ್ಕೂ ಅಪಾಯ.

‘ಇದು ವೈದ್ಯಕೀಯ ಸಲಹೆಯಲ್ಲ’ ಎಂಬ ಸಣ್ಣಕ್ಷರದ ಸಾಲೇ ತಮಗೆ ರಕ್ಷೆಯೆಂದು ಉದ್ಯಮಿಗಳು ನಂಬಿದ್ದಾರೆ. ಸಲಹೆಯಲ್ಲವಾದರೆ ಚಂದಾ ಹಣ ಯಾವುದಕ್ಕೆ? 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯು ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾನ್ಯೂನತೆಯ ದೂರು ಬಂದಾಗ ಆ ಒಂದು ಸಾಲು ಎಲ್ಲವನ್ನೂ ತೊಳೆದುಬಿಡುತ್ತದೆಂದು ಭಾವಿಸುವುದು ಭ್ರಮೆ. ಪಶುಚಿಕಿತ್ಸಾಲಯವು ನೀಡುವ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿಯುಂಟು. ವಿನಾಯಿತಿ ಕೇಳುವಾಗ ಚಿಕಿತ್ಸಾಲಯ, ಹೊಣೆ ಬಂದಾಗ ಬರಿಯ ಮಾಹಿತಿ ಎಂದು ಎರಡು ದೋಣಿಗಳ ಮೇಲೆ ಕಾಲಿಡಲಾಗದು.

ಹಣದ ಅಪಾಯವೂ ಸಣ್ಣದಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಷೇರುದಾರನ ಹೊಣೆ ಮಿತವಾದುದು, ನಿಜ. ಆದರೆ ಮಗನ ಕಂಪನಿಯ ಸಾಲಕ್ಕೆ ತಂದೆ ವೈಯಕ್ತಿಕ ಜಾಮೀನು ಹಾಕಿದೊಡನೆ ಆ ಮಿತಿಯ ರಕ್ಷೆ ಅವನಿಗಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮುಂಬಯಿಯಲ್ಲೋ ಪುಣೆಯಲ್ಲೋ ಅಂಗಡಿಯಿಟ್ಟು ಮೂವತ್ತು ವರ್ಷ ದುಡಿದು ಕಟ್ಟಿದ ಮನೆ ಒಂದು ಸಹಿಯಿಂದ ಹೋಗಬಹುದು. ನೆರೆಯವನ ಮಗ ಮಾಡಿದನೆಂದು ತಾನೂ ಮಾಡುವುದು ಲೋಕಮೂಢತೆಯ ಹೊಸ ರೂಪ.

ಆ್ಯಪ್‌ಗೆ ಉಪಯೋಗವೇ ಇಲ್ಲವೆಂದಲ್ಲ. ಲಸಿಕೆಯ ದಿನ ನೆನಪಿಸಲಿ, ಚಿಕಿತ್ಸೆಯ ದಾಖಲೆ ಕಾಪಾಡಲಿ, ಹತ್ತಿರದ ಪಶುವೈದ್ಯನ ದಾರಿ ತೋರಲಿ. ‘ಕಾದು ನೋಡಿ’ ಎಂದು ಹೇಳುವ ಅಧಿಕಾರ ಮಾತ್ರ ಹೆಸರು, ನೋಂದಣಿ ಸಂಖ್ಯೆ ಎರಡೂ ಇರುವ ವೈದ್ಯನ ಕೈಯಲ್ಲಿರಬೇಕು. ಹಣ ಹೂಡುವವರು ಮೊದಲು ಆ ವೈದ್ಯನ ಒಪ್ಪಿಗೆ ಪತ್ರ, ಹೊಣೆಗಾರಿಕೆಯ ವಿಮೆ, ಆ್ಯಪ್ ಮಾಡಿದ ತಪ್ಪುಗಳ ಲೆಕ್ಕ ಈ ಮೂರನ್ನು ಕೇಳಲಿ. ಮೂರೂ ಸಿಗದಿದ್ದರೆ ಚೆಕ್ಕಿಗೆ ಸಹಿ ಹಾಕದಿರಲಿ.

ತತ್ತ್ವಾರ್ಥಸೂತ್ರವು ಪ್ರಮಾದದಿಂದಾಗುವ ಪ್ರಾಣಹಾನಿಯನ್ನು ಹಿಂಸೆಯೆಂದೇ ಎಣಿಸುತ್ತದೆ. ಯಂತ್ರಕ್ಕೆ ಪ್ರಮಾದವಿಲ್ಲ. ಅದನ್ನು ಪರೀಕ್ಷಿಸದೆ ಮಾರುಕಟ್ಟೆಗೆ ಬಿಟ್ಟವನಿಗೂ, ಲಾಭದ ಆಸೆಯಿಂದ ಹಣ ಕೊಟ್ಟು ಕಣ್ಣು ಮುಚ್ಚಿದವನಿಗೂ ಉಂಟು.