ಕರೆ ಮಾಡುವವರ ಕೈಯಲ್ಲೂ ಸ್ಟೀರಿಂಗ್ ಇದೆ

‘ಎಲ್ಲಿದ್ದೀರಿ?’ ಮೊಬೈಲ್ ಬಂದ ಮೇಲೆ ನಮ್ಮ ಮಾತುಕತೆ ಬಹುಪಾಲು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಮನೆಯ ಫೋನಿನ ಕಾಲದಲ್ಲಿ ಇದನ್ನು ಯಾರೂ ಕೇಳುತ್ತಿರಲಿಲ್ಲ. ಫೋನ್ ಎತ್ತಿದವರು ಮನೆಯಲ್ಲೇ ಇರುತ್ತಿದ್ದರು. ಈಗ ಎಷ್ಟೋ ಸಲ ಬರುವ ಉತ್ತರ ಇದು: ‘ಗಾಡಿ ಓಡಿಸ್ತಾ ಇದ್ದೀನಿ, ಪರವಾಗಿಲ್ಲ ಹೇಳಿ.’ ಅವರು ಪರವಾಗಿಲ್ಲ ಎಂದರು, ನಾವು ಹೇಳತೊಡಗಿದೆವು. ಮಗಳ ಮದುವೆ ಮಾತುಕತೆ, ಜಮೀನಿನ ಪಹಣಿ, ನಾಳೆಯ ಕಾರ್ಯಕ್ರಮದ ಊಟದ ವ್ಯವಸ್ಥೆ, ಎಲ್ಲವೂ ಆ ಓಡುವ ಗಾಡಿಯೊಳಗೆ ಹೋಗಿ ಬೀಳುತ್ತವೆ. ಫೋನ್ ಹಿಡಿದ ಚಾಲಕರನ್ನು ಬೈಯುವ ಲೇಖನಗಳು ಬೇಕಾದಷ್ಟು ಬಂದಿವೆ. ಈ ತುದಿಯಲ್ಲಿ ಕುರ್ಚಿಯ ಮೇಲೆ ಆರಾಮವಾಗಿ ಕುಳಿತು ಮಾತು ಮುಂದುವರಿಸುವ ನಮ್ಮ ಬಗ್ಗೆ ಯಾರೂ ಬರೆದಂತಿಲ್ಲ.

ಮೊದಲು ಒಂದು ಲೆಕ್ಕ. ಎದುರಿಗೆ ಅಡ್ಡಿ ಕಂಡು, ಅದು ಏನೆಂದು ಅರ್ಥವಾಗಿ, ಬ್ರೇಕಿನ ಮೇಲೆ ಕಾಲು ಬೀಳಲು ಚಾಲಕನಿಗೆ 2.5 ಸೆಕೆಂಡು ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಕಾಲು ಬ್ರೇಕನ್ನು ಮುಟ್ಟುವ ಹೊತ್ತಿಗೇ 55 ಮೀಟರ್ ಮುಗಿದಿರುತ್ತದೆ. ಆಮೇಲೆ ಗಾಡಿ ನಿಲ್ಲಬೇಕು. ಎಲ್ಲ ಸೇರಿ ಆ ವೇಗಕ್ಕೆ 120 ಮೀಟರ್ ದೂರ ಚಾಲಕನಿಗೆ ಕಾಣುವಂತೆ ರಸ್ತೆ ಇರಬೇಕೆಂಬುದು ನಿಯಮ. ಅದಕ್ಕಾಗಿಯೇ ನಾವು ತಿರುವುಗಳಲ್ಲಿ ಗುಡ್ಡ ಕಡಿಯುತ್ತೇವೆ, ದಿಣ್ಣೆ ತಗ್ಗಿಸುತ್ತೇವೆ, ಜಾಲಿ ಪೊದೆ ಸವರಿಸುತ್ತೇವೆ. ಸರಕಾರದ ಹಣ ಹೀಗೆ ಖರ್ಚಾಗುವುದು ಚಾಲಕ ಮುಂದೆ ನೋಡುತ್ತಿದ್ದಾನೆಂಬ ಒಂದೇ ನಂಬಿಕೆಯ ಮೇಲೆ. ಬಂದ ಸಂದೇಶ ಓದಲು ಅವನು 5 ಸೆಕೆಂಡು ತಲೆ ತಗ್ಗಿಸಿದರೆ 111 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿದಂತೆ. ನಾವು ಕಷ್ಟಪಟ್ಟು ತೆರವು ಮಾಡಿಕೊಟ್ಟ 120 ಮೀಟರಿನಲ್ಲಿ ಉಳಿದದ್ದು 9 ಮೀಟರ್.

ಇಷ್ಟನ್ನು ಒಪ್ಪುವವರೂ ಒಂದು ಮಾತು ಹೇಳುತ್ತಾರೆ: ‘ನಾನು ಫೋನ್ ಕೈಯಲ್ಲಿ ಹಿಡಿಯುವುದೇ ಇಲ್ಲ ಸಾರ್, ಬ್ಲೂಟೂತ್ ಇದೆ.’ ಕುತ್ತಿಗೆ ಓರೆ ಮಾಡಿ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬೈಕ್ ಓಡಿಸುವವರನ್ನು, ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡವರನ್ನು ನೋಡಿ ಇವರು ನಗುತ್ತಾರೆ. ಆದರೆ 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ರೆಡಲ್ಮಯರ್ ಮತ್ತು ಟಿಬ್ಶಿರಾನಿ ಎಂಬಿಬ್ಬರು ಅಪಘಾತಕ್ಕೊಳಗಾದ 699 ಚಾಲಕರ ಫೋನ್ ಬಿಲ್ಲುಗಳನ್ನು ಅಪಘಾತದ ಸಮಯದೊಂದಿಗೆ ಹೋಲಿಸಿ ನೋಡಿದರು. ಫೋನಿನಲ್ಲಿದ್ದಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡುವ ಸಾಧನ ಇದ್ದವರಿಗೂ ಅದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಅಧ್ಯಯನದಲ್ಲೂ ಬಂದದ್ದು ಅದೇ ನಾಲ್ಕು ಪಟ್ಟು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತವರ ಸಂಗಡಿಗರು ಕಾರಣವನ್ನೂ ತೋರಿಸಿದರು. ಮಾತಿನಲ್ಲಿ ಮುಳುಗಿದ ಚಾಲಕನ ಕಣ್ಣು ಒಂದು ವಸ್ತುವಿನ ಮೇಲೆ ನೇರವಾಗಿ ನೆಟ್ಟಿದ್ದರೂ ಅದು ಅವನ ಮನಸ್ಸಿಗೆ ದಾಖಲಾಗುವುದಿಲ್ಲ.

ಇದಕ್ಕೆ ನಮಗೆ ಯೂಟಾದವರೇ ಹೇಳಬೇಕಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಡಲು ಕುಳಿತವರಿಗೆಲ್ಲ ಗೊತ್ತು, ಕಣ್ಣು ಇದ್ದಲ್ಲೇ ಇರುತ್ತದೆ, ಮನಸ್ಸು ಯಾವಾಗಲೋ ಎದ್ದು ಸಂತೆಗೆ ಹೋಗಿರುತ್ತದೆ. ಪೂಜೆಯಲ್ಲಾದರೆ ಅದನ್ನು ಮೆಲ್ಲಗೆ ಕರೆತಂದು ಕೂರಿಸಬಹುದು. ಕತ್ತಲಲ್ಲಿ, ಹಿಂದೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಕಬ್ಬಿನ ಟ್ರೇಲರ್ ಮುಂದೆ ಹೋಗುತ್ತಿರುವಾಗ ಅಷ್ಟು ಪುರುಸೊತ್ತು ಇರುವುದಿಲ್ಲ.

ಅಪಘಾತದ ಜಾಗಕ್ಕೆ ಹೋಗಿ, ರಸ್ತೆಯ ದೋಷವೇನಾದರೂ ಇತ್ತೇ ಎಂದು ನೋಡಿ ವರದಿ ಕೊಡುವುದು ನನ್ನ ನೌಕರಿಯ ಭಾಗವಾಗಿತ್ತು. ನಾನು ಮೊದಲು ಹುಡುಕುತ್ತಿದ್ದುದು ಟಯರಿನ ಬ್ರೇಕ್ ಗುರುತನ್ನು. ನೇರ ರಸ್ತೆ, ಹಾಡುಹಗಲು, ಡಾಂಬರು ಚೆನ್ನಾಗಿದೆ, ಆದರೆ ಬ್ರೇಕ್ ಹಿಡಿದ ಗುರುತೇ ಇಲ್ಲ. ಡಿಕ್ಕಿಯಾಗುವ ಕ್ಷಣದವರೆಗೂ ಚಾಲಕನಿಗೆ ಎದುರಿನದು ಕಂಡಿಲ್ಲವೆಂದೇ ಅರ್ಥ. ಒಂದೋ ನಿದ್ದೆ, ಇಲ್ಲವೇ ಗಮನ ಬೇರೆಡೆ. ದಾಖಲೆಯಲ್ಲಿ ಮಾತ್ರ ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂದು ಬರೆದು ಕಡತ ಮುಗಿಯುತ್ತಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸರಕಾರದ ವರದಿ ಇದರಲ್ಲಿ ಶೇ. 70ಕ್ಕೂ ಹೆಚ್ಚನ್ನು ಅತಿವೇಗದ ಲೆಕ್ಕಕ್ಕೆ ಬರೆದಿದೆ. ಮೊಬೈಲಿನ ಪಾಲು ಶೇ. 2ರ ಆಸುಪಾಸು. ಮೊಬೈಲಿನ ಈ ಅಂಕಿ ನನಗೆ ನಂಬಿಕೆಯಾಗುವುದಿಲ್ಲ. ವೇಗವನ್ನು ನುಜ್ಜುಗುಜ್ಜಾದ ಗಾಡಿಯೇ ಹೇಳುತ್ತದೆ, ಫೋನ್ ಬಂದಿತ್ತೆಂದು ಹೇಳಬೇಕಾದವನು ಬದುಕಿದ್ದರೂ ಬಾಯಿ ಬಿಡುವುದಿಲ್ಲ.

ಕಾನೂನೂ ಕೈಯ ಬಳಿಗೆ ಬಂದು ನಿಂತಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು, ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಸಿ ದಂಡವನ್ನೂ ಜೈಲನ್ನೂ ಇಟ್ಟಿದೆ. ಒಳ್ಳೆಯದೇ. ಆದರೆ ಮನಸ್ಸು ಎಲ್ಲಿದೆ ಎಂದು ಯಾವ ಕ್ಯಾಮೆರಾ ಹಿಡಿದೀತು?

‘ಹಾಗಾದರೆ ಪಕ್ಕದಲ್ಲಿ ಕೂತವರ ಜೊತೆಯೂ ಮಾತಾಡಬಾರದೇ?’ ಎಂದು ಕೇಳುವವರಿದ್ದಾರೆ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಓವರ್‌ಟೇಕ್ ಮಾಡಿಕೊಂಡು ಬಂದರೆ ಮಾತು ತಾನಾಗಿ ನಿಲ್ಲುತ್ತದೆ. ‘ನೋಡಿ, ಎಮ್ಮೆ ಬಂತು’ ಎಂದು ಅವರೇ ಎಚ್ಚರಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಲಾರಿಯೂ ಕಾಣದು, ಎಮ್ಮೆಯೂ ಕಾಣದು. ಚಾಲಕ ಒಂದು ಗಳಿಗೆ ಸುಮ್ಮನಾದರೆ ‘ಹಲೋ, ಹಲೋ, ಕೇಳಿಸ್ತಿದೆಯಾ?’ ಎಂದು ಇನ್ನೂ ಜೋರಾಗಿ ಎಳೆಯುತ್ತಾರೆ.

ಚಾಲಕ ಕರೆಯನ್ನು ಕತ್ತರಿಸಬಹುದಲ್ಲ ಎನ್ನುವುದು ಸುಲಭ. ನಮ್ಮಲ್ಲಿ ಯಾರು ಯಾರ ಫೋನನ್ನು ಕತ್ತರಿಸಬಹುದು ಎಂಬುದಕ್ಕೂ ಒಂದು ಶ್ರೇಣಿ ಇದೆ. ಮಾಲೀಕರ ಕರೆಯನ್ನು ಡ್ರೈವರ್ ಬಿಡಲಾರ, ಬೀಗರ ಕರೆಯನ್ನು ಹೆಣ್ಣು ಕೊಟ್ಟವರು ಬಿಡಲಾರರು. ಕಚೇರಿಗಳಲ್ಲಂತೂ ಸಾಹೇಬರು ಕಾಮಗಾರಿಯ ಪ್ರಗತಿ ಕೇಳಿದರೆ ಕಿರಿಯ ಎಂಜಿನಿಯರ್ ಬೈಕಿನ ಮೇಲಿಂದಲೇ ಅಂಕಿ ಒಪ್ಪಿಸಬೇಕು. ಎತ್ತದಿದ್ದರೆ ಸೊಕ್ಕು ಎಂಬ ಹೆಸರು. ಆದ್ದರಿಂದ ಕರೆ ನಿಲ್ಲಿಸುವ ಹೊಣೆ ಮೇಲಿನವರದು, ಹಿರಿಯರದು. ‘ಗಾಡಿ ಮೇಲಿದ್ದೀಯಾ? ಇಳಿದ ಮೇಲೆ ಮಾಡು’ ಎಂದು ಫೋನ್ ಇಟ್ಟುಬಿಡಬೇಕು. ಒಂದು ವಿಭಾಗ ನನ್ನ ಸುಪರ್ದಿಯಲ್ಲಿದ್ದ ವರ್ಷಗಳಲ್ಲಿ ಹೀಗೇ ನಡೆಸಿದೆವು, ಮಳೆಗಾಲದ ಕೆರೆಕಟ್ಟೆಗಳ ಗಡಿಬಿಡಿಯಲ್ಲೂ. ತುರ್ತಿದ್ದರೆ ಎರಡು ಸಲ ರಿಂಗ್ ಕೊಡುವುದು, ಅವರು ಗಾಡಿ ನಿಲ್ಲಿಸಿ ತಿರುಗಿ ಮಾಡುವುದು. ಅದರಿಂದ ಯಾವ ಕೆಲಸವೂ ಕೆಡಲಿಲ್ಲ. ನಿಲ್ಲಿಸುವುದಾದರೂ ಹೆದ್ದಾರಿಯ ಅಂಚಿನಲ್ಲಲ್ಲ. ಅಲ್ಲಿ ನಿಂತ ಗಾಡಿಗೆ ಹಿಂದಿನಿಂದ ಬಂದವನು ಗುದ್ದುತ್ತಾನೆ. ಪೆಟ್ರೋಲ್ ಬಂಕೋ ಢಾಬಾವೋ ಬರುವವರೆಗೆ ತಾಳಬೇಕು. ವಾಹನ ನಿಲುಗಡೆಗೆಂದೇ ಪ್ರತ್ಯೇಕ ಜಾಗಗಳನ್ನು ನಮ್ಮ ಹೆದ್ದಾರಿಗಳಲ್ಲಿ ಸಾಕಷ್ಟು ಮಾಡಿಲ್ಲ, ಅದು ಬೇರೆಯೇ ದೂರು.

ಮಠಗಳ ಕಾರ್ಯಕ್ರಮಗಳನ್ನು ನಡೆಸುವ ಬಂಧುಗಳಲ್ಲಿ ಒಂದು ವಿನಂತಿ. ಪೂಜ್ಯರನ್ನೋ ಅತಿಥಿಗಳನ್ನೋ ಕರೆತರುವ ಗಾಡಿಯ ಚಾಲಕನಿಗೆ ಸಭೆ ಶುರುವಾಗುವ ಹೊತ್ತಿಗೆ ಎಷ್ಟು ಕರೆಗಳು ಹೋಗುತ್ತವೆ ಎಂದು ಒಮ್ಮೆ ಎಣಿಸಿ ನೋಡಿ. ಸ್ವಾಗತ ಸಮಿತಿಯವರು, ಮೆರವಣಿಗೆಯವರು, ಪ್ರಸಾದದ ಮನೆಯವರು, ಡೊಳ್ಳಿನವರು, ಎಲ್ಲರದೂ ಒಂದೇ ಪ್ರಶ್ನೆ: ‘ಎಲ್ಲಿಗೆ ಬಂದ್ರಿ?’ ಗಾಡಿ ಮೊದಲೇ ತಡವಾಗಿದೆ, ಚಾಲಕ ಮೊದಲೇ ಅವಸರದಲ್ಲಿದ್ದಾನೆ. ಇನ್ನು ಮುಂದೆ ಅವನ ನಂಬರನ್ನು ಯಾರಿಗೂ ಕೊಡಬೇಡಿ. ಪಕ್ಕದಲ್ಲಿ ಕೂರುವ ಒಬ್ಬರ ನಂಬರ್ ಮಾತ್ರ ಕೊಡಿ, ಕೇಳುವವರೂ ಸಮಿತಿಯ ಒಬ್ಬರೇ ಇರಲಿ. ದಾರಿಯ ನಕ್ಷೆಯನ್ನು ಹಿಂದಿನ ದಿನವೇ ಕಳಿಸಿಬಿಡಿ. ಆಮಂತ್ರಣ ಪತ್ರಿಕೆಯಲ್ಲಿ ಸಂಪರ್ಕದ ನಂಬರುಗಳ ಕೆಳಗೆ ‘ವಾಹನ ನಿಲ್ಲಿಸಿ ಕರೆ ಮಾಡಿ’ ಎಂದು ಒಂದು ಸಾಲು ಅಚ್ಚು ಹಾಕಿಸಲು ಹೆಚ್ಚಿನ ಖರ್ಚಿಲ್ಲ. ರಾತ್ರಿ ಮಂಗಳವಾದ ಮೇಲೆ ದೂರದ ಊರಿಗೆ ಹೊರಟ ಭಕ್ತರಿಗೆ ‘ಮುಟ್ಟಿದ್ರಾ?’ ಎಂದು ಅರ್ಧ ಗಂಟೆಗೊಮ್ಮೆ ಕೇಳುವುದೂ ಬೇಡ. ಮುಟ್ಟಿದ ಮೇಲೆ ಅವರೇ ತಿಳಿಸುತ್ತಾರೆ.

ಈಗಿನ ಫೋನುಗಳಲ್ಲಿ ಗಾಡಿ ಓಡುತ್ತಿರುವಾಗ ಕರೆಗಳನ್ನು ತಡೆದು ‘ವಾಹನ ಚಲಾಯಿಸುತ್ತಿದ್ದೇನೆ, ಆಮೇಲೆ ಮಾಡುತ್ತೇನೆ’ ಎಂದು ತಾನೇ ಉತ್ತರ ಕಳಿಸುವ ವ್ಯವಸ್ಥೆ ಬಂದಿದೆ. ನಮ್ಮ ವಯಸ್ಸಿನವರಿಗೆ ಹುಡುಕಿದರೂ ಅದು ಸಿಗದು. ಮೊಮ್ಮಕ್ಕಳ ಕೈಗೆ ಕೊಡಿ, ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.