ವಿಶ್ವವಿದ್ಯಾನಿಲಯದ ಬೀಗ ಮತ್ತು ಬೀಗದ ಕೈ

ವಿಶ್ವವಿದ್ಯಾನಿಲಯವು ವಿದ್ಯೆಯ ಮನೆ. ಅದರ ಬಾಗಿಲು ಸದಾ ತೆರೆದಿರಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಅದೇ ಮನೆಯೊಳಗೆ ಪ್ರಶ್ನಪತ್ರಿಕೆಗಳುಂಟು, ಅಂಕಪಟ್ಟಿಗಳುಂಟು, ಪ್ರಯೋಗಶಾಲೆಯ ವಿಷದ್ರವ್ಯಗಳುಂಟು, ವಿದ್ಯಾರ್ಥಿನಿಲಯದ ಕೊಠಡಿಗಳುಂಟು. ಇವಕ್ಕೆ ಬೀಗ ಬೇಕೆಂಬುದೂ ಅಷ್ಟೇ ನಿರ್ವಿವಾದ. ಯಾವ ಬಾಗಿಲಿಗೆ ಎಂತಹ ಬೀಗ, ಯಾರ ಬಳಿ ಯಾವ ಬೀಗದ ಕೈ, ಅದನ್ನು ಹಿಂದಕ್ಕೆ ಪಡೆಯತಕ್ಕದ್ದು ಯಾವಾಗ ಎಂಬುದನ್ನೆಲ್ಲ ಮುಂಚಿತವಾಗಿ ಯೋಚಿಸಿ ಗೊತ್ತುಮಾಡುವ ಕಾರ್ಯಕ್ಕೆ ಗಣಕಶಾಸ್ತ್ರದಲ್ಲಿ ಗುರುತಿನ ನಿರ್ವಹಣೆ ಎಂದು ಹೆಸರು. ಇದು ಗಣಕ ವಿಭಾಗದವರ ಕೆಲಸ, ನಮಗೇಕೆ ಎಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಸುಮ್ಮನಿರುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಾವು ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವು ಮೈಸೂರು ರಸ್ತೆಯ ಕಡೆಯಿಂದ ನಾಗರಭಾವಿಯ ಕಡೆಗೆ ಸುಮಾರು 1,100 ಎಕರೆಗಳಷ್ಟು ಹರಡಿಕೊಂಡಿದೆ. ಅದರ ರಸ್ತೆಗಳಲ್ಲಿ ವಿದ್ಯಾರ್ಥಿಗಳಷ್ಟೇ ಅಲ್ಲದೆ ಹೊರಗಿನ ವಾಹನಗಳೂ ಹಾದುಹೋಗುತ್ತಿದ್ದುದು ಬಹುಕಾಲದ ದೂರು. 2022ರ ಅಕ್ಟೋಬರಿನಲ್ಲಿ ಆವರಣದೊಳಗೆ ಬಸ್ಸಿನ ಅಪಘಾತಕ್ಕೆ ಸಿಕ್ಕಿದ ವಿದ್ಯಾರ್ಥಿನಿಯೊಬ್ಬಳು ಮುಂದೆ ಅಸುನೀಗಿದಳು. ಹೊರಗಿನ ವಾಹನಗಳನ್ನು ತಡೆಯಬೇಕೆಂದು ವಿದ್ಯಾರ್ಥಿಗಳು ಚಳವಳಿ ಹೂಡಿದರು. ಅವರ ಬೇಡಿಕೆ ನ್ಯಾಯವಾದುದು. ಆದರೆ ಇಂತಹ ಸಮಯಗಳಲ್ಲಿ ಎಲ್ಲೆಡೆಯೂ ಇನ್ನೊಂದು ಮಾತು ಸುಲಭವಾಗಿ ಹುಟ್ಟುತ್ತದೆ: ಗೇಟು ಹಾಕಿ, ಬರುವವರೆಲ್ಲರ ಬೆರಳಚ್ಚು ತೆಗೆದುಕೊಳ್ಳಿ, ಮುಖ ಗುರುತಿಸುವ ಕ್ಯಾಮರಾ ಇಡಿ ಎಂಬುದು. ಅಪಾಯ ಬಂದುದು ಚಕ್ರಗಳಿಂದ. ಗ್ರಂಥಾಲಯಕ್ಕೆ ನಡೆದು ಬರುವವನ ಮುಖವನ್ನು ದಾಖಲೆ ಮಾಡಿಕೊಂಡರೆ ಆ ಅಪಾಯ ಹೇಗೆ ಕಡಮೆಯಾದೀತು? ರೋಗ ಯಾವುದೆಂದು ತಿಳಿಯುವ ಮುನ್ನ ಔಷಧ ಕೊಳ್ಳುವ ಈ ಅಭ್ಯಾಸವನ್ನು ಬಿಡುವುದೇ ಯೋಜನೆಯ ಮೊದಲನೆಯ ಹೆಜ್ಜೆ.

ಯಾವ ಬಾಗಿಲಲ್ಲಾದರೂ ಕಾವಲುಗಾರನು ಮೂರು ಪ್ರಶ್ನೆ ಕೇಳಬಹುದು. ನೀನು ಯಾರು? ಅದಕ್ಕೆ ಸಾಕ್ಷಿ ಏನು? ನಿನಗೆ ಇಲ್ಲಿ ಯಾವ ಅಧಿಕಾರವಿದೆ? ಮೊದಲನೆಯದು ಗುರುತು, ಎರಡನೆಯದು ದೃಢೀಕರಣ, ಮೂರನೆಯದು ಅನುಮತಿ. ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದ ಆಗುವ ತೊಡಕುಗಳು ಅನೇಕ.

ಮೊದಲು ಗುರುತಿನ ವಿಷಯ. ಹೆಸರೇ ಸಾಲದೆ ಎಂದು ಕೇಳಬಹುದು. ಹೊಸಹಳ್ಳಿಯ ಶಿವಣ್ಣನವರ ಮಗ ಮಂಜುನಾಥನೆಂಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ನಾಡಿನ ರೂಢಿಯಂತೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಸೇರಿಸಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅವನು ‘ಮಂಜುನಾಥ ಹೆಚ್. ಎಸ್.’ ಆಗಿರುತ್ತಾನೆ. ಆಧಾರ್ ಚೀಟಿಯಲ್ಲಿ ‘ಮಂಜುನಾಥ್ ಶಿವಣ್ಣ’. ಬ್ಯಾಂಕಿನ ಪುಸ್ತಕದಲ್ಲಿ ಬರಿಯ ‘ಮಂಜುನಾಥ’. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಅಕಾರ ಒಂದು ಕಡೆ ಉಳಿದು ಇನ್ನೊಂದು ಕಡೆ ಬಿದ್ದುಹೋಗುತ್ತದೆ. ಕುಲನಾಮವೆಂಬ ಪದ್ಧತಿಯೇ ಇಲ್ಲದ ಮನೆತನದವನಿಗೆ ಗಣಕವು ‘ಕಡೆಯ ಹೆಸರು ತುಂಬು’ ಎಂದು ಅಪ್ಪಣೆ ಮಾಡುತ್ತದೆ. ಮನುಷ್ಯನ ಕಣ್ಣಿಗೆ ಈ ಮೂವರೂ ಒಬ್ಬನೇ; ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಮೂವರು ಬೇರೆ ಬೇರೆ. ವಿದ್ಯಾರ್ಥಿವೇತನ ನಿಂತುಹೋದ ಮೇಲೆ ಅಲೆಯುವವನು ಮಂಜುನಾಥ, ಯಂತ್ರವಲ್ಲ.

ಆದಕಾರಣ ಹೆಸರನ್ನು ನೆಚ್ಚದೆ ಒಂದು ಸಂಖ್ಯೆಯನ್ನು ಕೊಡುವುದು ವಾಡಿಕೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ನೋಂದಣಿ ಸಂಖ್ಯೆಯಲ್ಲಿ ಪ್ರಾಂತ, ಕಾಲೇಜು, ಸೇರಿದ ವರ್ಷ, ವಿಭಾಗ, ಕ್ರಮಾಂಕ ಇವು ಒಂದರ ಪಕ್ಕದಲ್ಲೊಂದು ಬರುತ್ತವೆ. ನೋಡಿದೊಡನೆ ವಿದ್ಯಾರ್ಥಿಯ ಪೂರ್ವಾಪರ ತಿಳಿಯುವುದರಿಂದ ಗುಮಾಸ್ತರಿಗೆ ಇದು ಅನುಕೂಲ. ಆದರೆ ಇಂತಹ ಅರ್ಥಗರ್ಭಿತ ಸಂಖ್ಯೆಗಳಿಗೆ ಎರಡು ಮಿತಿಗಳಿವೆ. ವಿಭಾಗವೋ ಕಾಲೇಜೋ ಬದಲಾದರೆ ಸಂಖ್ಯೆ ಹೇಳುವುದು ಒಂದು, ಸತ್ಯಸ್ಥಿತಿ ಮತ್ತೊಂದು. ಒಬ್ಬನ ಸಂಖ್ಯೆ ತಿಳಿದವನಿಗೆ ತರಗತಿಯ ಎಲ್ಲರ ಸಂಖ್ಯೆಗಳೂ ಊಹೆಗೆ ಸಿಕ್ಕುತ್ತವೆ. ಹಾಗಾಗಿ ಗುರುತಿನ ಸಂಖ್ಯೆಯನ್ನು ಎಂದಿಗೂ ರಹಸ್ಯವೆಂದು ಎಣಿಸಕೂಡದು. ಅದನ್ನು ಹೇಳಿದ ಮಾತ್ರಕ್ಕೆ ಯಾವ ಬಾಗಿಲೂ ತೆರೆಯಕೂಡದು. ಸಂಖ್ಯೆಯಲ್ಲಿ ಇರಬೇಕಾದುದು ಅರ್ಥವಲ್ಲ, ತಪ್ಪನ್ನು ಹಿಡಿಯುವ ಶಕ್ತಿ. ಆಧಾರ್‌ನ 12 ಅಂಕೆಗಳಲ್ಲಿ ಕೊನೆಯದು ಇಂತಹ ಪರೀಕ್ಷಕ ಅಂಕೆ. ಡಚ್ ಗಣಿತಜ್ಞ ವೆರ್‌ಹುಫ್ 1969ರಲ್ಲಿ ಪ್ರಕಟಿಸಿದ ಈ ವಿಧಾನದಿಂದ ಯಾವುದೇ ಒಂದು ಅಂಕೆ ತಪ್ಪಾದರೂ, ಪಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೂ ಯಂತ್ರಕ್ಕೆ ಒಡನೆಯೇ ಗೊತ್ತಾಗುತ್ತದೆ.

ಇನ್ನು ಸಾಕ್ಷಿಯ ವಿಷಯ. ಗಣಕಯಂತ್ರಕ್ಕೆ ಗುಪ್ತಪದ, ಅಂದರೆ ಪಾಸ್‌ವರ್ಡ್, ಬಂದುದೇ ವಿಶ್ವವಿದ್ಯಾನಿಲಯದೊಳಗೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಕಾರ್ಬಟೋ ಎಂಬವರ ನೇತೃತ್ವದಲ್ಲಿ 1961ರಲ್ಲಿ ಒಂದು ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆ ರೂಪುಗೊಂಡಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಬೀಳದಂತೆ ಗುಪ್ತಪದಗಳನ್ನು ಇಟ್ಟರು. ಮರುವರ್ಷವೇ, ತನಗೆ ಕೊಟ್ಟ ಯಂತ್ರಕಾಲ ಸಾಲದೆಂದು ಸಂಶೋಧನ ವಿದ್ಯಾರ್ಥಿಯೊಬ್ಬ ಗುಪ್ತಪದಗಳ ಕಡತವನ್ನೇ ಅಚ್ಚುಹಾಕಿಸಿಕೊಂಡ! 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರದ ಮುಂದೆ ಕುಳಿತವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಗುಪ್ತಪದಗಳೂ ಕಾಣಿಸಿದವು. ಗುಪ್ತಪದವನ್ನು ಇದ್ದಂತೆಯೇ ಬರೆದಿಡದೆ, ಹಿಂದಿರುಗಿಸಲಾಗದಂತೆ ಗಣಿತದಿಂದ ರೂಪಾಂತರಿಸಿ ಇಡಬೇಕೆಂಬ ಪಾಠವನ್ನು ಲೋಕವು ಕಲಿತದ್ದು ಆಮೇಲೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ಇಂಗ್ಲಿಷಿನ 26 ಚಿಕ್ಕ ಅಕ್ಷರಗಳಿಂದ 8 ಅಕ್ಷರದ ಗುಪ್ತಪದಗಳನ್ನು ಸುಮಾರು 20,882 ಕೋಟಿ ಬಗೆಯಲ್ಲಿ ಕಟ್ಟಬಹುದು. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರವು ಅವೆಲ್ಲವನ್ನೂ ಮೂರೂವರೆ ನಿಮಿಷದಲ್ಲಿ ಮುಗಿಸುತ್ತದೆ. 12 ಅಕ್ಷರಗಳಾದರೆ ಅದೇ ಯಂತ್ರಕ್ಕೆ ಸುಮಾರು 3 ವರ್ಷ ಬೇಕು. ಉದ್ದಕ್ಕೆ ಇಷ್ಟು ಬಲ. ಹೀಗಿರುವಲ್ಲಿ ವಿದ್ಯಾರ್ಥಿಯ ಜನ್ಮದಿನಾಂಕವನ್ನೇ ಮೊದಲ ಗುಪ್ತಪದವಾಗಿ ಕೊಡುವ ಪದ್ಧತಿಯನ್ನು ಏನೆನ್ನೋಣ? ಕಾಲೇಜಿನಲ್ಲಿ ಓದುವವರ ವಯಸ್ಸು ಬಹುಮಟ್ಟಿಗೆ 10 ವರ್ಷಗಳ ಅಂತರದೊಳಗೆ ಇರುವುದರಿಂದ ಊಹೆಗಳು ಹೆಚ್ಚೆಂದರೆ 3,653. ಯಂತ್ರದ ಮಾತಿರಲಿ, ಗೆಳೆಯನಿಗೆ ಒಂದೇ ಊಹೆ ಸಾಕು.

ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶ ಇವನ್ನೆಲ್ಲ ಒಂದೇ ಗಣಕಜಾಲಕ್ಕೆ ತರುವ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ವ್ಯವಸ್ಥೆ 2021ರಲ್ಲಿ ಆರಂಭವಾಯಿತು. ಉದ್ದೇಶ ಒಳ್ಳೆಯದು. ಆದರೆ ಪರೀಕ್ಷಾ ಅರ್ಜಿಯ ಕಾಲದಲ್ಲಿ ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಜೆರಾಕ್ಸ್ ಅಂಗಡಿಗಳ ಮುಂದೆ ನಡೆಯುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಮನೆಯಲ್ಲಿ ಗಣಕವಿಲ್ಲದ ವಿದ್ಯಾರ್ಥಿ ತನ್ನ ಗುಪ್ತಪದವನ್ನು ಅಂಗಡಿಯವರಿಗೆ ಹೇಳುತ್ತಾನೆ. ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನು ಗಟ್ಟಿಯಾಗಿ ಓದುತ್ತಾನೆ. ಅವರು ಅದನ್ನು ಬೆರಳಚ್ಚು ಮಾಡುತ್ತಾರೆ. ತಂದೆಯ ಮೊಬೈಲ್ ಸಂಖ್ಯೆ ಕೊಟ್ಟಿದ್ದವನಾದರೆ, ಕೆಲಸದ ಮೇಲಿರುವ ತಂದೆಗೆ ಕರೆಮಾಡಿ ಕೇಳಬೇಕು. ಇದಕ್ಕಾಗಿ ವಿದ್ಯಾರ್ಥಿಯನ್ನು ಬೈಯುವುದು ನ್ಯಾಯವಲ್ಲ. ಕಡೆಯ ದಿನ ಬಂದಾಗ ಅವನಿಗೆ ಬೇರೆ ದಾರಿಯಿಲ್ಲ. ಬಳಸುವವನ ಮನೆಯ ಸ್ಥಿತಿಯನ್ನು ಎಣಿಕೆಗೆ ತೆಗೆದುಕೊಳ್ಳದ ಬೀಗವನ್ನು ಅವನು ಹೊರಗಿನವರ ಕೈಯಿಂದಲೇ ತೆಗೆಸುತ್ತಾನೆ. ಪ್ರತಿ ಕಾಲೇಜಿನಲ್ಲೂ ಆ ದಿನಗಳಲ್ಲಿ ನಾಲ್ಕು ಗಣಕಗಳನ್ನೂ ಒಬ್ಬ ಸಹಾಯಕರನ್ನೂ ಇಟ್ಟರೆ ಈ ಪಾಡು ಬಹಳಮಟ್ಟಿಗೆ ತಪ್ಪುತ್ತದೆ.

ಹಾಗಾದರೆ ಬೆರಳಚ್ಚೇ ಮೇಲಲ್ಲವೆ, ಅದನ್ನು ಯಾರೂ ಮರೆಯುವುದಿಲ್ಲವಲ್ಲ ಎನ್ನುವವರುಂಟು. ಭೌತಶಾಸ್ತ್ರದ ವಿದ್ಯಾರ್ಥಿಗೆ ತಿಳಿದಂತೆ ದೋಷವಿಲ್ಲದ ಮಾಪನವಿಲ್ಲ. ಬೆರಳಚ್ಚಿನ ಯಂತ್ರದ ದೋಷಗಳು ಎರಡು ಬಗೆ: ಪರಕೀಯನನ್ನು ಒಳಗೆ ಬಿಡುವುದು, ನಿಜವಾದವನನ್ನು ಹೊರಗೆ ತಡೆಯುವುದು. ಯಂತ್ರವನ್ನು ಬಿಗಿಮಾಡಿದರೆ ಮೊದಲನೆಯದು ತಗ್ಗಿ ಎರಡನೆಯದು ಏರುತ್ತದೆ. ಸಡಿಲಿಸಿದರೆ ಅದರ ವಿಪರ್ಯಯ. ನಿಜವಾದವರನ್ನು ನೂರಕ್ಕೆ ಒಂದು ಸಲ ತಡೆಯುವ ಯಂತ್ರದ ಮುಂದೆ ದಿನಕ್ಕೆ 5,000 ಜನ ಹಾದರೆ, ದಿನವೂ 50 ಜನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅವರಲ್ಲಿ ಹೆಚ್ಚಿನವರು ಯಾರು? ಗಾರೆ, ತೋಟ, ಸಾಬೂನು ನೀರು ಇವುಗಳಲ್ಲಿ ದುಡಿದು ಬೆರಳ ಗೆರೆ ಸವೆದವರು. ಮತ್ತೊಂದು ವಿಚಾರ: ಗುಪ್ತಪದ ಬಯಲಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸುವಂತಿಲ್ಲ. ಹೀಗಾಗಿ ಪ್ರಶ್ನಪತ್ರಿಕೆಯ ಕೊಠಡಿಗೆ ಬೆರಳಚ್ಚು ಇದ್ದರೆ ಇರಲಿ. ಊಟದ ಮನೆಗೂ ಗ್ರಂಥಾಲಯಕ್ಕೂ ಅದು ಅನಾವಶ್ಯಕ.

ಮೂರನೆಯದಾದ ಅನುಮತಿಯನ್ನು ವ್ಯಕ್ತಿಗೆ ಕೊಡುವುದಕ್ಕಿಂತ ಅವನು ವಹಿಸಿರುವ ಪಾತ್ರಕ್ಕೆ ಕೊಡುವುದು ಉತ್ತಮ. ಒಬ್ಬಳೇ ವ್ಯಕ್ತಿ ಇಂದು ವಿದ್ಯಾರ್ಥಿನಿ, ನಾಳೆ ಸಂಶೋಧಕಿ, ಅದೇ ಕಾಲಕ್ಕೆ ಅತಿಥಿ ಉಪನ್ಯಾಸಕಿ, ಮುಂದೆ ಹಳೆಯ ವಿದ್ಯಾರ್ಥಿನಿ. ಪಾತ್ರ ಮುಗಿದ ದಿನ ಅದರ ಬೀಗದ ಕೈ ತಾನಾಗಿ ನಿಷ್ಫಲವಾಗಬೇಕು. ಆದರೆ ಗುರುತು ಅಳಿಯಬಾರದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಮೂರಾಗಿ, ಬೆಂಗಳೂರು ಉತ್ತರ ಹಾಗೂ ಬೆಂಗಳೂರು ಕೇಂದ್ರ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅನೇಕ ಕಾಲೇಜುಗಳು ಹೊಸ ಆಡಳಿತಕ್ಕೆ ಸೇರಿದವು. ಆದರೆ 1990ರಲ್ಲಿ ಕೋಲಾರದಲ್ಲಿ ಓದಿ ಪದವಿ ಪಡೆದವರ ಪದವಿಯನ್ನು ದೃಢಪಡಿಸಬೇಕಾದಾಗ ಹಳೆಯ ದಾಖಲೆಯೇ ಮಾತನಾಡಬೇಕು. ಸಂಸ್ಥೆಗಳು ಒಡೆಯಬಹುದು, ಕೂಡಬಹುದು. ಐವತ್ತು ವರ್ಷಗಳ ಮುಂದಿನ ಅಂತಹ ಪ್ರಶ್ನೆಗೂ ಉತ್ತರ ಕೊಡುವಂತೆ ದಾಖಲೆಗಳನ್ನು ಯೋಜಿಸತಕ್ಕದ್ದು.

ಕೊನೆಯದಾಗಿ, ಬೇಕಾದುದಕ್ಕಿಂತ ಹೆಚ್ಚು ಕೇಳಬಾರದೆಂಬ ನಿಯಮ. ಇದು ಸಾಧ್ಯವೆಂಬುದಕ್ಕೆ ಎಜುರೋಮ್ ಎಂಬ ಅಂತರರಾಷ್ಟ್ರೀಯ ಏರ್ಪಾಟೇ ನಿದರ್ಶನ. ಯೂರೋಪಿನಲ್ಲಿ ಆರಂಭವಾಗಿ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿರುವ ಇದರಲ್ಲಿ, ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋದ ವಿದ್ಯಾರ್ಥಿ ಅಲ್ಲಿನ ವೈಫೈ ಜಾಲವನ್ನು ತನ್ನ ಊರಿನ ಗುಪ್ತಪದದಿಂದಲೇ ಬಳಸುತ್ತಾನೆ. ಅತಿಥೇಯ ಸಂಸ್ಥೆಯು ಅವನ ವಿವರಗಳನ್ನು ಬರೆದುಕೊಳ್ಳುವುದಿಲ್ಲ, ‘ಇವನು ನಿಮ್ಮವನೆ?’ ಎಂದು ತವರಿನ ಸಂಸ್ಥೆಯನ್ನು ಕೇಳಿ, ಹೌದು ಅಥವಾ ಅಲ್ಲ ಎಂಬ ಉತ್ತರವನ್ನಷ್ಟೇ ಪಡೆಯುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 24 ಆಗಸ್ಟ್ 2017ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯನ್ನು ಬೋಧಿಸುವ ವಿಶ್ವವಿದ್ಯಾನಿಲಯಗಳೇ ಅದರ ಆಶಯವನ್ನು ಮೊದಲು ಪಾಲಿಸಿ ತೋರಿಸಬೇಕಲ್ಲವೆ?

ಯಂತ್ರ ಕೊಳ್ಳುವ ಟೆಂಡರಿಗೆ ಮುಂಚೆ ವಿದ್ಯಾರ್ಥಿಗಳನ್ನೂ ಗ್ರಂಥಪಾಲಕರನ್ನೂ ಕಾವಲುಗಾರರನ್ನೂ ಕೂಡಿಸಿಕೊಂಡು ಪ್ರತಿ ಬಾಗಿಲಿನ ಪಟ್ಟಿ ಮಾಡಬೇಕೆಂದು ನಾವು ಸೂಚಿಸುತ್ತೇವೆ. ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಕಾಲೇಜಿನಲ್ಲಿ ನಿಮ್ಮ ಮುಖವನ್ನೋ ಬೆರಳನ್ನೋ ಕೇಳಿದಾಗ ವಿನಯದಿಂದಲೇ ಪ್ರಶ್ನಿಸಿರಿ: ಇದು ಯಾವ ಕಾರ್ಯಕ್ಕಾಗಿ? ಎಲ್ಲಿ, ಎಷ್ಟು ಕಾಲ ಇಡುವಿರಿ? ಯಾರು ನೋಡಬಹುದು? ಯಂತ್ರವು ನನ್ನನ್ನು ಗುರುತಿಸದೆ ಹೋದ ದಿನ ನಾನು ಯಾರ ಬಳಿಗೆ ಹೋಗಬೇಕು? ಈ ನಾಲ್ಕಕ್ಕೂ ಉತ್ತರ ಸಿದ್ಧವಿದ್ದರೆ ಆ ಸಂಸ್ಥೆ ಯೋಚಿಸಿ ಕೆಲಸ ಮಾಡಿದೆಯೆಂದು ತಿಳಿಯಬಹುದು. ಉತ್ತರವಿಲ್ಲದಿದ್ದರೆ ಅದನ್ನು ಬರವಣಿಗೆಯಲ್ಲಿ ಕೇಳುವ ಹಕ್ಕು ನಿಮಗುಂಟು.