ಹಳಗನ್ನಡಕ್ಕೆ ಧೈರ್ಯ ಬೇಡ, ವ್ಯಾಕರಣ ಬೇಕು

ಹಳಗನ್ನಡ ಕಲಿಯಲು ಹೊರಟವರಿಗೆ ಧೈರ್ಯ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಯಾವ ಕಮ್ಮಟಕ್ಕಾದರೂ ಹೋಗಿ, ಉದ್ಘಾಟನಾ ಭಾಷಣದಲ್ಲಿ ಮೂರು ಮಾತು ಬಂದೇ ಬರುತ್ತವೆ. ಕಷ್ಟ ಅಂದುಕೊಂಡರೆ ಕಷ್ಟ, ಇಷ್ಟಪಟ್ಟರೆ ಸುಲಭ. ಇದು ನಮ್ಮದೇ ಭಾಷೆ, ಹೆದರಬೇಡಿ. ಅರ್ಥವಾಗದಿದ್ದರೆ ಎದೆಗುಂದದೆ ಪಾಸಿಟಿವ್ ಆಗಿರಿ. ಚಪ್ಪಾಳೆ, ಚಹಾ. ಆಮೇಲೆ ಪಂಪನ ಒಂದು ಪದ್ಯವನ್ನು ರಾಗವಾಗಿ ಓದಿ, ‘ಆಹಾ’ ಎಂದು ತಲೆದೂಗಿ, ಸಾರಾಂಶ ಹೇಳಿ ಮುಗಿಸುತ್ತಾರೆ. ಎದುರು ಕೂತ ಎಂ.ಎ. ವಿದ್ಯಾರ್ಥಿಗೆ ಆ ಪದ್ಯದ ಕ್ರಿಯಾಪದ ಯಾವುದೆಂದು ಬರುವಾಗಲೂ ಗೊತ್ತಿರಲಿಲ್ಲ, ಹೋಗುವಾಗಲೂ ಗೊತ್ತಿರುವುದಿಲ್ಲ.

ಈ ಮೂರರಲ್ಲಿ ನನ್ನ ತಕರಾರು ಹೆಚ್ಚಾಗಿ ನಡುವಿನ ಮಾತಿನ ಮೇಲೆ. ‘ನಮ್ಮದೇ ಭಾಷೆ’ ಎಂಬುದು ಕೇಳಲು ಸಮಾಧಾನದಂತಿದೆ, ಕೆಲಸ ಮಾಡುವುದು ಬೆದರಿಕೆಯಂತೆ. ಜರ್ಮನ್ ಕಲಿಯಲು ಹೋದವನು ನಾಮಪದಗಳ ಲಿಂಗವನ್ನು ವರ್ಷವಿಡೀ ತಪ್ಪಾಗಿ ಹೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅವನು ಹೊಸಬ. ಪಂಪನ ಮುಂದೆ ಕೂತ ಕನ್ನಡ ವಿದ್ಯಾರ್ಥಿಗೆ ಹೊಸಬನಾಗಿರುವ ಹಕ್ಕೇ ಇಲ್ಲ. ನಮ್ಮದೇ ಭಾಷೆ ತಾನೇ, ಅರ್ಥವಾಗದಿದ್ದರೆ ಕೊರತೆ ನಿನ್ನಲ್ಲೇ ಇರಬೇಕು. ಆಮೇಲೆ ಯಾರು ಕೈಯೆತ್ತಿ ‘ಸಾರ್, ಈ ಸಾಲು ಬಿಡಿಸಿ ಹೇಳಿ’ ಎಂದು ಕೇಳುತ್ತಾರೆ? ಕನ್ನಡ ಮಾಧ್ಯಮದಲ್ಲೇ ಓದಿ, ಉಳಿದ ವಿಷಯಗಳಲ್ಲಿ ಸಾಕಷ್ಟು ಪೆಟ್ಟು ತಿಂದು, ಇದಾದರೂ ನನ್ನದು ಎಂದು ಕನ್ನಡ ವಿಭಾಗಕ್ಕೆ ಬಂದವರೇ ಇಲ್ಲಿ ಹೆಚ್ಚು. ಅವರಿಗೆ ಇದು ಬೇರೆಯವರಿಗಿಂತ ಆಳಕ್ಕೆ ನಾಟುತ್ತದೆ.

ಪಂಪ ತನ್ನ ಕಾವ್ಯಗಳನ್ನು ಮುಗಿಸಿದ್ದು 941ರ ಸುಮಾರಿಗೆ. ನಮ್ಮ ಬಾಯಿಗೂ ಅವನ ಸಾಲಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ಅದನ್ನು ಹೊಸದಾಗಿ ಕಲಿಯಬೇಕಾದ ಭಾಷೆ ಎಂದು ಒಪ್ಪಿಕೊಂಡರೆ ಅಭಿಮಾನಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಈ ಚರ್ಚೆಯಲ್ಲಿ ಉದಾಹರಣೆ ಕೊಡುವವರೇ ಕಡಿಮೆ. ‘ಅಱಿವಂ’ ಎಂದರೆ ‘ಅವನು ಅರಿಯುತ್ತಾನೆ’. ‘ಅಱಿಯಂ’ ಎಂದರೆ ‘ಅವನು ಅರಿಯನು’, ಅವನಿಗೆ ಗೊತ್ತಿಲ್ಲ. ಇಲ್ಲಿ ‘ಇಲ್ಲ’ ಎಂಬ ಪದ ಎಲ್ಲೂ ಕಾಣುವುದಿಲ್ಲ. ಕಾಲವನ್ನು ತೋರಿಸುವ ಪ್ರತ್ಯಯ ಬಾರದೆ, ಧಾತುವಿಗೆ ನೇರವಾಗಿ ಪುರುಷವಾಚಕ ಪ್ರತ್ಯಯ ಅಂಟಿಕೊಂಡರೆ ಅದೇ ನಿಷೇಧ. ಮಾಡುವಂ, ಮಾಡಂ. ಹೊಸಗನ್ನಡದ ಅಭ್ಯಾಸದಲ್ಲಿ ಓದುವವರು ಹತ್ತಕ್ಕೆ ಎಂಟು ಸಲ ‘ಅಱಿಯಂ’ ಎಂಬುದನ್ನು ‘ಅರಿತವನು’ ಎಂದೇ ತಿಳಿಯುತ್ತಾರೆ. ಪದ್ಯ ತಲೆಕೆಳಗಾಗುತ್ತದೆ. ಪಾಸಿಟಿವ್ ಆಗಿರುವುದೇನೋ ಸರಿ, ಆದರೆ ಇಲ್ಲಿ ಪಾಸಿಟಿವ್ ಆಗಿ ಓದಿದ್ದೇ ತೊಂದರೆ! (ಅಂದಹಾಗೆ ಅದೇ ‘ಅಱಿವಂ’ ಕೆಲವೊಮ್ಮೆ ‘ಅರಿವನ್ನು’ ಎಂದೂ ಆಗಬಹುದು. ಯಾವಾಗ ಯಾವುದು ಎಂಬುದಕ್ಕೆ ವಾಕ್ಯವನ್ನೇ ಕೇಳಬೇಕು, ಉತ್ಸಾಹವನ್ನಲ್ಲ.)

ಹೀಗೆ ಎಡವಿದವನಿಗೆ ‘ಪ್ರಯತ್ನ ಬಿಡಬೇಡ’ ಎಂದು ಹೇಳಿದರೆ ಅವನು ಅದೇ ತಪ್ಪನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡುತ್ತಾನೆ. ನಾಲ್ಕು ರೂಪಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಕಾಲು ಗಂಟೆಯಲ್ಲಿ ಹೊರಬರುತ್ತಾನೆ. ನಾವು ಐದಾರು ಜನ ಸಂಶೋಧನಾ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಪಂಪಭಾರತ ಓದಲು ಕೂರುತ್ತೇವೆ. ಈ ನಿಷೇಧ ರೂಪದ ಮಾತು ಬಂದ ದಿನ ಗದಗದ ಕಡೆಯ ಗೆಳತಿಯೊಬ್ಬಳು, “ಹಂಗಾದ್ರ ನಾವು ‘ನಾ ಒಲ್ಲೆ’ ಅಂತೀವಲ್ಲ, ಅದೂ ಇದ ಏನು?” ಎಂದಳು. ಅದೂ ಇದೇ. ‘ನಾನರಿಯೆ’ ಕೂಡ ಇದೇ. ಹಳೆಯ ರೂಪವೊಂದು ಅವಳ ಮನೆಯ ಮಾತಿನಲ್ಲೇ ಜೀವಂತವಾಗಿತ್ತು, ಯಾರೂ ತೋರಿಸಿರಲಿಲ್ಲ ಅಷ್ಟೆ. ಮಂಗಳೂರಿನ ಕಡೆಯ ವಿದ್ಯಾರ್ಥಿಗೆ ‘ಪುಲಿ’ ಎಂಬುದು ಹುಲಿ ಎಂದು ಬಾಯಿಪಾಠ ಮಾಡಿಸಬೇಕೆ? ಪಿಲಿವೇಷ ನೋಡಿ ಬೆಳೆದವರಿಗೆ ಆ ಪಕಾರ ಹೊಸದಲ್ಲ. ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪಾವು ಹಾವಾಯಿತು ಎಂಬ ಒಂದೇ ನಿಯಮ ತಿಳಿದರೆ ನೂರಾರು ಪದಗಳ ಬಾಗಿಲು ಒಟ್ಟಿಗೆ ತೆರೆಯುತ್ತದೆ. ಆ ದಿನದ ಖುಷಿಗೆ ಯಾರ ಪ್ರೋತ್ಸಾಹವೂ ಬೇಕಾಗುವುದಿಲ್ಲ.

ಇನ್ನು ಱ ಮತ್ತು ೞ. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು. ‘ಆಳ್’ ಎಂದರೆ ಆಳು, ‘ಆೞ್’ ಎಂದರೆ ಮುಳುಗು. ಇವುಗಳಲ್ಲಿ ಗೊಂದಲವಾದಾಗ ನಾಚಿಕೆಪಡುವವರು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ಯಾವ ಯಾವ ಪದಗಳಲ್ಲಿ ೞ ಬರುತ್ತದೆ ಎಂದು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗೊಂದಲವಿಲ್ಲದ ಕಡೆ ಪಟ್ಟಿ ಯಾಕೆ ಬೇಕು? ಅವನ ಕಾಲದ ಓದುಬರಹ ಬಲ್ಲವರಿಗೇ ಇದು ತೊಡಕಾಗಿತ್ತು. ಅವರಿಗೆ ಅವನು ಪಟ್ಟಿ ಕೊಟ್ಟ. ನಾವು ನಮ್ಮವರಿಗೆ ಸ್ಫೂರ್ತಿ ಕೊಡುತ್ತಿದ್ದೇವೆ.

ಸ್ಫೂರ್ತಿಯ ಭಾಷಣಗಳಲ್ಲಿ ಕಿಟೆಲ್ ಹೆಸರು ತಪ್ಪುವುದಿಲ್ಲ. ಎಲ್ಲಿಂದಲೋ ಬಂದ ಜರ್ಮನಿಯವನು ಕನ್ನಡ ಕಲಿತು ನಿಘಂಟು ಮಾಡಿದ, ನಿಮಗೇನು ಧಾಡಿ ಎಂಬ ಧಾಟಿ. ಕಿಟೆಲ್ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ನಡುವಿನ ನಲವತ್ತೊಂದು ವರ್ಷ ಅವನು ಬರೀ ಛಲದಿಂದ ಬದುಕಿದನೇ? ಅವನ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು, ಜೊತೆಯಲ್ಲಿ ಇಲ್ಲಿನ ಪಂಡಿತರಿದ್ದರು, ಕೈಯಲ್ಲಿ ಕೇಶಿರಾಜನಿದ್ದ. ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ತಾನೇ ಸಂಪಾದಿಸಿ ಪ್ರಕಟಿಸಿದ. ನಿಘಂಟು ಮುಗಿದ ಮೇಲೂ ಸುಮ್ಮನಿರದೆ ಹಳೆಯ, ನಡುವಿನ, ಹೊಸ ಕನ್ನಡಗಳ ರೂಪಗಳನ್ನು ಒಟ್ಟಿಗಿಟ್ಟು 1903ರಲ್ಲಿ ವ್ಯಾಕರಣ ಬರೆದ. ಕಲಿಯುವವರು ಎಲ್ಲಿ ಎಡವುತ್ತಾರೆಂದು ತಾನೇ ಎಡವಿ ತಿಳಿದವನು ಬಿಟ್ಟುಹೋದದ್ದು ಕೋಷ್ಟಕಗಳನ್ನು. ಅವನ ಭಾವಚಿತ್ರಕ್ಕೆ ಹಾರ ಹಾಕುವ ನಾವು ಆ ವ್ಯಾಕರಣವನ್ನು ಗ್ರಂಥಾಲಯದ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇವೆ.

ಪ್ರೋತ್ಸಾಹವೇ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಒಂದು ಪದ್ಯಕ್ಕೆ ಎರಡು ಗಂಟೆ ಹಿಡಿದಾಗ, ಪಕ್ಕದವರು ಅಷ್ಟರಲ್ಲಿ ಒಂದು ಅಧ್ಯಾಯವನ್ನೇ ಬರೆದು ಮುಗಿಸಿದ್ದಾರೆಂದು ತಿಳಿದಾಗ, ಮನಸ್ಸು ಕುಗ್ಗುವುದು ಸಹಜ. ಆದರೆ ಆಗ ಬೇಕಾಗುವುದು ‘ಈ ಸಂಧಿ ನನಗೂ ಬಿಡಿಸಲಾಗಲಿಲ್ಲ, ಬಾ ನೋಡೋಣ’ ಎನ್ನುವ ಒಬ್ಬ ಮನುಷ್ಯ, ಮೇಜಿನ ಮೇಲೆ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ, ಪಕ್ಕದಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’. ಗುರುಗಳಿಗೂ ತಿಳಿಯದ ಸಾಲುಗಳಿವೆ ಎಂದು ಗುರುಗಳ ಬಾಯಿಂದಲೇ ಕೇಳುವುದಕ್ಕಿಂತ ದೊಡ್ಡ ಧೈರ್ಯ ವಿದ್ಯಾರ್ಥಿಗೆ ಬೇರೆ ಇಲ್ಲ. ನಮ್ಮ ತರಗತಿಗಳಲ್ಲಿ ಅದು ಅಪರೂಪ.

ಇದು ಕೆಲವು ವಿದ್ಯಾರ್ಥಿಗಳ ಬೇಸರದ ಪ್ರಶ್ನೆ ಮಾತ್ರವೂ ಅಲ್ಲ. ಮೂಲ ಓದಲಾಗದವರು ಸಾರಾಂಶಕ್ಕೆ ಹೋಗುತ್ತಾರೆ. ಎನ್‌ಇಟಿ ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಲು ಸಾರಾಂಶ ಸಾಕು. ಪಾಸಾಗುತ್ತಾರೆ, ಪಾಠ ಮಾಡುತ್ತಾರೆ, ಪಂಪನ ಸ್ತ್ರೀದೃಷ್ಟಿ, ಪಂಪನ ಪ್ರಭುತ್ವ ಎಂದು ಪ್ರಬಂಧ ಬರೆಯುತ್ತಾರೆ. ಹಿಂದೆ ಯಾರೋ ‘ಅಱಿಯಂ’ ಎಂಬುದನ್ನು ‘ಅರಿತವನು’ ಎಂದು ಬರೆದಿದ್ದರೆ ಅದರ ಮೇಲೆ ಸಿದ್ಧಾಂತವೊಂದು ಎದ್ದು ನಿಲ್ಲುತ್ತದೆ, ತಡೆದು ಕೇಳುವವರು ಯಾರೂ ಇರುವುದಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು, ಸಂತೋಷ. ಆ ಸ್ಥಾನ ಬಂದದ್ದು ಯಾವ ಶಾಸನ, ಯಾವ ಕಾವ್ಯಗಳ ಹಳಮೆಯಿಂದಲೋ ಅವುಗಳನ್ನು ನಾಳೆ ಓದಿ ಸಂಪಾದಿಸುವವರು ಯಾರು ಎಂದು ಉದ್ಘಾಟನೆಗೆ ಬರುವ ಹಿರಿಯರನ್ನು ಕೇಳಬೇಕಾಗಿದೆ.

ಹಾಗಾಗಿ ಮುಂದಿನ ಕಮ್ಮಟದ ಸಂಘಟಕರಲ್ಲಿ ಒಂದು ಕೋರಿಕೆ. ಉದ್ಘಾಟನಾ ಭಾಷಣಕ್ಕೆ ಎತ್ತಿಟ್ಟ ನಲವತ್ತು ನಿಮಿಷವನ್ನು ಒಂದು ಹಲಗೆಗೆ ಬಿಟ್ಟುಕೊಡಿ. ಮಾಡುವೆಂ, ಮಾಡೆಂ, ಮಾಡುವಂ, ಮಾಡಂ ಎಂದು ಬರೆದು, ಪ್ರತಿಯೊಬ್ಬರಿಂದಲೂ ಒಂದೊಂದು ಸಾಲು ಓದಿಸಿ, ತಪ್ಪಿದಲ್ಲಿ ತಿದ್ದಲು ಅಷ್ಟು ಹೊತ್ತು ಸಾಕಾಗುತ್ತದೆ. ಚಹಾ ಬೇಕಾದರೆ ನಡುವೆ ಕುಡಿಯೋಣ.